ನಾಯಿಗೆ ಆಗುವ ಗುಡ್ಡ

ನಾಯಿಯನ್ನು ಕರೆದುಕೊಂಡು ಗುಡ್ಡ ಹತ್ತುವುದಕ್ಕೆಂದೇ ರಜೆ ಹಾಕಿದವರು ಆಗಿನ ಭದ್ರಾವತಿಯಲ್ಲಿ ನಮ್ಮ ಮನೆಯವರನ್ನು ಬಿಟ್ಟರೆ ಬೇರೆ ಯಾರೂ ಇದ್ದಿರಲಾರರು. ಮನೆಯವರು ಎಂದರೆ ಅಪ್ಪ, ನಾನು, ನಾಯಿ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ರಜೆ ಬಂದರೆ ಜನ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗುತ್ತಿದ್ದರು, ಇಲ್ಲವೇ ನೆಂಟರ ಮನೆಯಲ್ಲಿ ನಾಲ್ಕು ದಿನ ಉಂಡು ಬರುತ್ತಿದ್ದರು. ತೀರ ಹುಮ್ಮಸ್ಸು ಬಂದವರು ತ್ಯಾವರೆಕೊಪ್ಪಕ್ಕೆ ಹೋಗಿ ಹುಲಿ ಸಿಂಹ ನೋಡಿ, ಚುರುಮುರಿ ತಿಂದು, ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದರು. ಅಂಥದ್ದರಲ್ಲಿ ನಾಯಿಗೆ ಯಾವ ಗುಡ್ಡ ಆಗುತ್ತದೆ ಎಂದು ನಾನು ಆಫೀಸಿನ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೆ. ಪಕ್ಕದಲ್ಲಿ ಟೈಪಿಂಗ್ ಮಾಡುತ್ತಿದ್ದವಳು "ತಲೆ ಸರಿ ಇದೆಯೇನೇ ಮಾರಾಯ್ತಿ ನಿಂಗೆ?" ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನನ್ನ ತಲೆ ಸರಿಯಾಗಿಯೇ ಇತ್ತು. ಚಿಂತೆಯಿದ್ದದ್ದು ಅಪ್ಪನ ಕಾಲಿನದು. ಕಾರ್ಖಾನೆಯಲ್ಲಿ ಕ್ರೇನಿಗೆ ಭಾರ ಕಟ್ಟುವ ಕೆಲಸ ಅವನದು. ಟನ್ನುಗಟ್ಟಲೆ ಕಬ್ಬಿಣಕ್ಕೆ ಉಕ್ಕಿನ ಹಗ್ಗ ಸುತ್ತಿ, ಬಿಗಿದು, ದೂರ ಸರಿದು ನಿಂತು ಕೈ ಎತ್ತಿದರೆ ಮೇಲೆ ಕೂತವನು ಎತ್ತಬೇಕು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದ. ಆಮೇಲೆ ಅವನಿದ್ದ ವಿಭಾಗವೇ ಮುಚ್ಚಿತು, ವಿಆರ್‌ಎಸ್ ಕಾಗದಕ್ಕೆ ಸಹಿ ಹಾಕಿಸಿಕೊಂಡು ಎಲ್ಲರನ್ನೂ ಮನೆಗೆ ಕಳಿಸಿದರು. ಅಂದಿನಿಂದ ಅಪ್ಪ ಬಾಗಿಲು ದಾಟುವುದನ್ನೇ ಬಿಟ್ಟ. ಬೀದಿಗಿಳಿದರೆ ಸಾಕು, ಒಬ್ಬರು ತಮಿಳಿನಲ್ಲಿ, ಒಬ್ಬರು ತೆಲುಗಿನಲ್ಲಿ, ಒಬ್ಬರು ಕನ್ನಡದಲ್ಲಿ, ಮುಂದೇನು ಎಂದು ಅದೊಂದನ್ನೇ ಕೇಳುತ್ತಿದ್ದರು. ಕೇಳುತ್ತಿದ್ದವರ ಗತಿಯೂ ನಾಳೆ ಅದೇ ಎನ್ನುವುದು ಬೇರೆ ಮಾತು. ಅಪ್ಪನಿಗೆ ಮಾತ್ರ ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಕೂತಲ್ಲೇ ಕೂತು ಶುಗರ್ ಏರಿತು. ಕಾಲ ಬೆರಳಿನ ಒಂದು ಸಣ್ಣ ಗಾಯ ಮೂರು ತಿಂಗಳು ಮಾಯಲಿಲ್ಲ. ಶಿವಮೊಗ್ಗದ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ನನಗೊಬ್ಬಳಿಗೇ ಹೇಳಿದರು: "ಈ ಸಲ ಗಾಯ ಒಣಗಿದೆ. ದಿನಾ ಒಂದು ಗಂಟೆ ನಡೆಸಿ. ಹೀಗೇ ಕೂತ್ಕೊಂಡಿದ್ರೆ ಒಂದಲ್ಲ ಒಂದು ದಿನ ಆ ಕಾಲು ತೆಗೀಬೇಕಾಗುತ್ತಮ್ಮ." ಅವರು ಅದನ್ನು ಹೇಳುತ್ತಲೇ ಮುಂದಿನ ಚೀಟಿಯವರನ್ನು ಕರೆಯಲು ಗಂಟೆ ಒತ್ತಿದರು. ಆ ಗಂಟೆ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಹೇಳಿದೆ, ಬೈದೆ, ಅತ್ತೆ, ಎರಡು ಹೊತ್ತು ಊಟ ಬಿಟ್ಟೂ ನೋಡಿದೆ. ಅಪ್ಪ ಕುರ್ಚಿಯಿಂದ ಏಳಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಸಿಟ್ಟಿಗೆ ಹೆದರಿ ಕೆಲಸ ಮಾಡಿದವರನ್ನು ಆಫೀಸಿನಲ್ಲಿ ಕಂಡಿದ್ದೇನೆ, ಮನೆಯಲ್ಲಿ ಕಂಡಿಲ್ಲ. ಕೊನೆಗೆ ಅವನನ್ನು ಎಬ್ಬಿಸಿದ್ದು ನಾಯಿ. ಕಾರ್ಖಾನೆಯ ಗುಜರಿ ರಾಶಿಯ ಹತ್ತಿರ ಸಿಕ್ಕ ಮರಿಯನ್ನು ಕೆಲಸದ ಕೊನೆಯ ದಿನ ಟಿಫಿನ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಕಂದು ಬಣ್ಣದ ಬೀದಿ ಜಾತಿ, ಒಂದು ಕಿವಿ ನಿಮಿರಿಕೊಂಡು ಇನ್ನೊಂದು ಮಡಚಿಕೊಂಡು ಇರುತ್ತಿತ್ತು. ದೊಡ್ಡದಾದ ಮೇಲೆ ಬೆಳಗಿನ ಜಾವ ಅಪ್ಪನ ಪಂಚೆ ಕಚ್ಚಿ ಬಾಗಿಲ ಕಡೆ ಎಳೆಯುವುದನ್ನು ಕಲಿಯಿತು. ಬೈದರೂ ಬಿಡುತ್ತಿರಲಿಲ್ಲ. ಹೀಗೆ ಅಪ್ಪ ಜನ ಏಳುವ ಮೊದಲು ಅದರ ಜೊತೆ ಕಾಲುವೆಯ ಏರಿಯ ಮೇಲೆ ಹೋಗಿ, ಬೀದಿಯ ಮೊದಲ ಬಾಗಿಲು ತೆರೆಯುವುದರೊಳಗೆ ಕಳ್ಳನ ಹಾಗೆ ಮನೆ ಸೇರುತ್ತಿದ್ದ.

ಅದಕ್ಕೆ ಅವನು ಹೆಸರಿಡಲಿಲ್ಲ. "ಮಗಾ" ಎನ್ನುತ್ತಿದ್ದ. "ಬಾರೋ ಮಗಾ, ಉಂಡ್ಯೇನೋ ಮಗಾ." ನನ್ನನ್ನು ಒಂದು ದಿನವೂ ಅಷ್ಟು ಮೆತ್ತಗೆ ಕರೆದವನಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಕಾಲು ಉಳಿಯಲಿ ಎಂದು ಊಟ ಬಿಟ್ಟವಳು ನಾನು, ಕಾಲು ಉಳಿಸುತ್ತಿರುವುದು ಅದು. ಆದರೂ ಅನ್ನಕ್ಕೆ ಮಾಂಸದ ಸಾರು ಕಲಸಿ ಹಾಕುತ್ತಿದ್ದವಳು ನಾನೇ. ಆ ನಾಯಿ ಇರುವಷ್ಟು ದಿನ ಅಪ್ಪ ನಡೆಯುತ್ತಾನೆ, ಅಪ್ಪ ನಡೆಯುವಷ್ಟು ದಿನ ಅವನ ಕಾಲು ಇರುತ್ತದೆ. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆ ಕತ್ತಲ ನಡಿಗೆ ಇಪ್ಪತ್ತು ನಿಮಿಷ ಕೂಡ ಆಗುತ್ತಿರಲಿಲ್ಲ. ಮಾರ್ಚಿಗೆ ಕ್ವಾರ್ಟರ್ಸ್ ಬೇರೆ ಬಿಡಬೇಕಿತ್ತು. ಹೊಸ ಜಾಗಕ್ಕೆ ಹೋಗುವ ಮೊದಲು ಅವನಿಗೆ ಹಗಲು ಹೊತ್ತಿನಲ್ಲಿ, ಮನುಷ್ಯರು ಕಾಣುವ ಹಾಗೆ ನಡೆಯುವ ಅಭ್ಯಾಸ ಮಾಡಿಸಬೇಕು ಎಂದುಕೊಂಡೆ. ಅದಕ್ಕೆ ಅವನ ಗುರುತೇ ಇಲ್ಲದ ಊರು ಬೇಕು, ನಾಯಿ ಅವನ ಜೊತೆ ಬರುವಂಥ ದಾರಿ ಬೇಕು. ಟೈಪಿಂಗ್ ಮಾಡುತ್ತಿದ್ದವಳ ಚಿಕ್ಕಮ್ಮನ ಊರು ಶಿವಮೊಗ್ಗದಿಂದ ಎರಡು ಗಂಟೆಯ ದಾರಿ, ಸುತ್ತ ಗುಡ್ಡ. ಅವರ ಮನೆಯ ಪಕ್ಕದಲ್ಲಿ ಹಿಂದೆ ಮೇಷ್ಟರೊಬ್ಬರು ಬಾಡಿಗೆಗಿದ್ದ ಕೋಣೆ ಖಾಲಿಯಿತ್ತು. ಹೋಮ್‌ಸ್ಟೇ ಎನ್ನುವ ಮಾತು ಆಗಿನ್ನೂ ನಮ್ಮ ಕಡೆ ಬಂದಿರಲಿಲ್ಲ. ಡಿಸೆಂಬರಿನ ರಜೆಗೆ ಐದು ದಿನ ಇರುತ್ತೇವೆ, ನಾಯಿಯೂ ಬರುತ್ತದೆ, ಅದಕ್ಕೆ ಒಳ್ಳೆಯ ದಾರಿ ಯಾವುದು ಎಂದು ಎಸ್‌ಟಿಡಿ ಬೂತಿನಿಂದ ಕೇಳಿದಾಗ ಆ ಚಿಕ್ಕಮ್ಮ ಆ ಕಡೆಯಿಂದ ನಕ್ಕುಬಿಟ್ಟರು. "ಬನ್ನಿ ಮಾರಾಯ್ತಿ. ನಾಯಿಗೆ ಎಂಥ ದಾರಿ ಹುಡುಕೋದು? ಅದು ಹೋದದ್ದೇ ದಾರಿ!"

ನಾನು ಹಾಗೆ ಬಿಡುವವಳಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ನನ್ನದು ಗುಮಾಸ್ತಿ ಕೆಲಸ. ಕಡತದಲ್ಲಿ ಒಂದು ಕಾಗದ ಹಿಂದುಮುಂದಾದರೆ ನಿದ್ದೆ ಬಾರದ ಜಾತಿ. ಅಲ್ಲಿ ಪಾಠ ಹೇಳುವವರೊಬ್ಬರ ಹತ್ತಿರ ಆ ಭಾಗದ ನಕ್ಷೆಯಿತ್ತು. ಜೆರಾಕ್ಸ್ ಮಾಡಿಸಿಕೊಂಡೆ. ಊರಿನಿಂದ ನಡೆದು ಹೋಗಿ ಮಧ್ಯಾಹ್ನಕ್ಕೆ ಮರಳಬಹುದಾದ ದಾರಿಗಳು ಆರು ಕಂಡವು. ದಿನಾ ಊಟದ ಬಿಡುವಿನಲ್ಲಿ ಅವುಗಳ ವಿಚಾರಣೆ ನಡೆಸಿದೆ, ವಾರಕ್ಕೆರಡು ಸಲ ಚಿಕ್ಕಮ್ಮನಿಗೆ ಫೋನ್ ಹಚ್ಚಿ ತಲೆ ತಿಂದೆ.

ಎಲ್ಲರೂ ಹೋಗುವ ಗುಡ್ಡದ ತುದಿಯಲ್ಲಿ ದೇವಸ್ಥಾನ. ನಾಯಿಯನ್ನು ಕೆಳಗೆ ಕಟ್ಟಬೇಕು, ಕಟ್ಟಿದರೆ ಅಪ್ಪ ಮೇಲೆ ಹತ್ತುವುದಿಲ್ಲ. ಅದನ್ನು ಕೆಂಪು ಇಂಕಿನಲ್ಲಿ ಹೊಡೆದು ಹಾಕಿದೆ. ಕಾಡಿನೊಳಗೆ ಹೋಗುವ ದಾರಿ ನೆರಳಿನದು, ಆದರೆ ಆ ವರ್ಷ ಅಲ್ಲಿ ಮಂಗಗಳು ಸತ್ತು ಬಿದ್ದಿದ್ದವು. ಮಂಗ ಸತ್ತಲ್ಲಿ ರಕ್ತ ಹೀರುವ ಉಣುಗು ಇರುತ್ತದೆ, ಉಣುಗು ನಾಯಿಯ ಮೈಗೆ ಹತ್ತಿ ಮನೆಗೆ ಬಂದರೆ ಮಂಗನ ಕಾಯಿಲೆ ನಮಗೂ ಬರುತ್ತದೆ ಎಂದು ಟೈಪಿಂಗ್‌ನವಳು ಹೆದರಿಸಿದಳು. ಅದೂ ಹೋಯಿತು. ಬಂಡೆಗಳ ಗುಡ್ಡದಲ್ಲಿ ಚಿರತೆ. "ನಮ್ಮನೇದೇ ಎರಡು ನಾಯಿ ಹೋದ್ವು ಮಾರಾಯ್ತಿ, ಕೊಟ್ಟಿಗೇಲಿ ಕರು ಇದ್ರೂ ಅದ್ಕೆ ನಾಯಿನೇ ಬೇಕು" ಎಂದರು ಚಿಕ್ಕಮ್ಮ. ಇನ್ನೊಂದು ದಾರಿ ಪಕ್ಕದ ಹಳ್ಳಿಯ ನಡುವೆ ಹಾಯುತ್ತಿತ್ತು, ಅಲ್ಲಿನ ನಾಯಿಗಳು ಹೊರಗಿನ ನಾಯಿಯನ್ನು ಸೀಳಿಬಿಡುತ್ತವಂತೆ. ಐದನೆಯದರಲ್ಲಿ ನೀರಿಲ್ಲ, ಬರೀ ಕಲ್ಲು. ನಾಯಿಯ ಅಂಗಾಲು ಸುಡುತ್ತದೆ. ಅಪ್ಪನಿಗೋ ಕಲ್ಲು ಚುಚ್ಚಿದರೂ ಗೊತ್ತಾಗದಷ್ಟು ಪಾದ ಜೋಮು ಹಿಡಿದಿತ್ತು. ನಾಯಿಗೆ ಆಗದ ದಾರಿ ಅಪ್ಪನಿಗೂ ಆಗದ್ದೇ ಎಂದು ನನಗೆ ಆಗ ಹೊಳೆಯಿತು.

ಉಳಿದದ್ದು ಹುಲ್ಲಿನ ಗುಡ್ಡ. ನಿಧಾನವಾದ ಏರು. ಮರಗಳಿಲ್ಲ, ಹಾಗಾಗಿ ಮಂಗಗಳಿಲ್ಲ. ಬಯಲು, ಹಾಗಾಗಿ ಚಿರತೆ ಅವಿತು ಕೂರುವ ಜಾಗವಿಲ್ಲ. ಬುಡದಲ್ಲಿ ಸಣ್ಣ ಹಳ್ಳ ಹರಿಯುತ್ತದೆ. ದೇವಸ್ಥಾನವಿಲ್ಲ. ಗುಡ್ಡದ ಆಚೆ ಬದಿಯಲ್ಲಿ ಗದ್ದೆಗಳು, ಅವಕ್ಕೆ ಬೇಲಿ, ಬೇಲಿಯ ಪಕ್ಕದಲ್ಲೇ ದನ ಹೋಗುವ ಕಾಲುದಾರಿ. ಎಷ್ಟು ಹುಡುಕಿದರೂ ನನಗೆ ಅದರಲ್ಲಿ ಒಂದು ಐಬು ಕಾಣಲಿಲ್ಲ. ಚಿರತೆಯ ವಿಷಯ ಕೇಳಿದ್ದೆ, ಉಣುಗಿನ ವಿಷಯ ಕೇಳಿದ್ದೆ, ನೀರಿನ ವಿಷಯ ಎರಡು ಸಲ ಕೇಳಿದ್ದೆ. ಗದ್ದೆಯ ಭತ್ತ ಕೊಯ್ದಾಗಿದೆಯೇ ಎಂದು ಕೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿದವಳಿಗೆ ಭತ್ತ ಎಂದರೆ ಅಕ್ಕಿಯ ಅಂಗಡಿ.

ಹೊರಟ ದಿನ ಭದ್ರಾವತಿಯ ಕಂಡಕ್ಟರ್ ನಾಯಿಯನ್ನು ನೋಡಿದ್ದೇ ಬಾಗಿಲಿಗೆ ಅಡ್ಡ ನಿಂತ. "ಕೋಳಿ ಆದ್ರೆ ಒಳಗೆ, ಕುರಿ ಆದ್ರೆ ಟಾಪ್ ಮೇಲೆ. ನಾಯಿ ಆಗಲ್ಲ ಕಣಮ್ಮ." ಕೋಳಿಗಿಂತ ನಮ್ಮ ನಾಯಿ ಚೊಕ್ಕಟವಾಗಿದೆ ಎಂದು ನಾನು ಜಗಳಕ್ಕೆ ನಿಂತರೆ ಅಪ್ಪ ನಾಚಿಕೆಯಿಂದ ಬಸ್‌ಸ್ಟ್ಯಾಂಡಿನ ಕಂಬದ ಹಿಂದೆ ಸರಿದುಕೊಂಡ. ಲಗೇಜ್ ಆಟೋ ಹಿಡಿದು ಶಿವಮೊಗ್ಗ ಮುಟ್ಟಿದೆವು. ಅಲ್ಲಿಂದ ಮುಂದಿನ ಬಸ್ಸಿನವನು ನಾಯಿಯನ್ನು ಗೋಣಿಚೀಲದಲ್ಲಿ ಕೂರಿಸಿ ತಲೆ ಮಾತ್ರ ಹೊರಗೆ ಬಿಟ್ಟರೆ ಆಗಬಹುದೆಂದು ಒಪ್ಪಿ, ಅದಕ್ಕೂ ಫುಲ್ ಟಿಕೆಟ್ ಹರಿದ. ದಾರಿಯುದ್ದಕ್ಕೂ ಅದು ಅಪ್ಪನ ಪಾದದ ಮೇಲೆ ಗಲ್ಲವಿಟ್ಟುಕೊಂಡು ಅಲುಗದೆ ಕೂತಿತ್ತು.

ಮೊದಲ ಎರಡು ದಿನಗಳನ್ನು ನಾನು ಯಾರಿಗೂ ವಿವರಿಸಿ ಹೇಳಿಲ್ಲ. ಸಂತೋಷವಾಗಿದ್ದೆವು ಎಂದರೆ ಮುಗಿಯಿತು. ಮೊದಲ ದಿನ ಹಳ್ಳದ ಹತ್ತಿರ ಎದುರಾದ ಮುದುಕರೊಬ್ಬರು ಅಪ್ಪನನ್ನು "ಯಾವೂರಾಯ್ತು?" ಎಂದು ಕೇಳಿದರು. "ಭದ್ರಾವತಿ." "ಕೆಲಸ?" "ರಿಟೈರು" ಎಂದ ಅಪ್ಪ, ತಲೆ ತಗ್ಗಿಸದೆ. ಅವರು "ಒಳ್ಳೇದಾಯ್ತು ಬಿಡಿ, ಇನ್ನು ಆರಾಮು" ಎಂದು ನಡೆದರು. ಎರಡನೆಯ ದಿನ ಅಪ್ಪ ಎಲ್ಲಿಯೂ ಕೂರದೆ ಗುಡ್ಡದ ನೆತ್ತಿ ಮುಟ್ಟಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ನಾಯಿ ಅವನನ್ನು ಸುತ್ತಿ ಸುತ್ತಿ ಓಡಿತು. "ಮಾರ್ಚಲ್ಲಿ ಶಿವಮೊಗ್ಗಕ್ಕೆ ಹೋದ್ಮೇಲೆ ತುಂಗೆ ದಂಡೆ ಮೇಲೆ ಹಿಂಗೇ ಬೆಳಿಗ್ಗೆ ಹೋಗ್ಬೋದು ಅಲ್ವೇನೇ?" ಎಂದು ಕೇಳಿದ. ಬಿಸಿಲು ಬಂದ ಮೇಲೇ ಹೋಗಬಹುದು ಎಂದೆ. ಹೂಂ ಎಂದ. ನನಗೆ ಬೇಕಾಗಿದ್ದದ್ದು ಆ ಒಂದು ಹೂಂ.

ಮೂರನೆಯ ದಿನ ಮಂಗಳವಾರ. ಗುಡ್ಡದ ಬುಡದಲ್ಲಿ ದಾರಿ ಕವಲೊಡೆಯುವ ಕಡೆ ಒಂದು ಕಲ್ಲಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಗೂಟ ನೆಟ್ಟು, ಅದಕ್ಕೆ ಮೊಣಕಾಲಿನ ಎತ್ತರದಲ್ಲಿ ಹಸಿ ಸೊಪ್ಪಿನ ಕಟ್ಟೊಂದನ್ನು ಕಟ್ಟಿದ್ದರು. ಹಿಂದಿನ ದಿನ ಅದು ಇರಲಿಲ್ಲ. ನಮ್ಮ ಅಜ್ಜಿಯ ಊರಿನಲ್ಲಿ ಗಡಿಯ ಕಲ್ಲಿನ ಹತ್ತಿರ ಹೋಗುವವರೆಲ್ಲ ಒಂದು ಎಸಳು ಸೊಪ್ಪು ಇಟ್ಟು ಮುಂದೆ ಹೋಗುತ್ತಿದ್ದರು. ದಾರಿ ಕಾಯುವ ದೇವರಿಗೆ ಅದು. ಮಂಗಳವಾರ ಬೇರೆ, ಯಾರೋ ಬೆಳಿಗ್ಗೆ ಬಂದು ಪೂಜೆ ಮಾಡಿ ಹೋಗಿದ್ದಾರೆ ಎಂದು ನಾನು ಒಂದೇ ನೋಟಕ್ಕೆ ತೀರ್ಮಾನ ಮಾಡಿದೆ.

ಅಪ್ಪ ನಿಂತ. "ದೇವ್ರಂಗೆ ಕಾಣಲ್ಲ ಕಣೆ. ಅರಿಶಿನ ಇಲ್ಲ, ಕುಂಕುಮ ಇಲ್ಲ. ಇದೇನೋ ಗುರ್ತು ಇದ್ದಂಗಿದೆ. ನಾವು ಭಾರ ಎತ್ತೋವಾಗ ಕೆಳಗೆ ಯಾರೂ ಬರ್ದಿರ್ಲಿ ಅಂತ ಕೆಂಪು ಬಟ್ಟೆ ಕಟ್ತಿದ್ವಲ್ಲ, ಹಂಗೆ."

"ಎಲ್ಲದಕ್ಕೂ ನಿನ್ನ ಕಾರ್ಖಾನೆ ತರಬೇಡ ಅಪ್ಪ. ಸೊಪ್ಪು ಇಟ್ಟಿರೋದು ಕಾಣಲ್ವಾ? ನೀನೂ ಒಂದಿಟ್ಟು ಕೈ ಮುಗಿ" ಎಂದೆ.

ಪಕ್ಕದ ಗಿಡದಿಂದ ಎರಡು ಕುಡಿ ಮುರಿದು ಒಂದನ್ನು ಆ ಕಟ್ಟಿಗೇ ಸಿಕ್ಕಿಸಿದೆ, ಇನ್ನೊಂದನ್ನು ಅಪ್ಪನ ಕೈಗೆ ಕೊಟ್ಟೆ. ಅವನೂ ಸಿಕ್ಕಿಸಿ ಕೈ ಮುಗಿದ. ನಾಯಿ ಬಂದು ಕಲ್ಲನ್ನು ಮೂಸಿ ಕಾಲೆತ್ತಿತು. ದೇವರ ಕಲ್ಲಿಗೆ ಹೀಗಾ ಮಾಡೋದು ಎಂದು ನಾನು ಅದರ ಬೆನ್ನಿಗೊಂದು ಕೊಟ್ಟೆ. ಮೂವರೂ ಆ ಸೊಪ್ಪನ್ನು ದಾಟಿ ಮೇಲೆ ಹೋದೆವು.

ನೆತ್ತಿಗೆ ಸ್ವಲ್ಪ ಮೊದಲು ಒಂಟಿ ನೆಲ್ಲಿಮರವೊಂದಿತ್ತು. ಹಿಂದಿನ ದಿನದ ಹುರುಪಿಗೆ ಅಪ್ಪನ ಮೀನಖಂಡ ಹಿಡಿದುಕೊಂಡಿತ್ತು. "ಸ್ವಲ್ಪ ಮಲ್ಕೊಂತೀನಿ, ನೀನು ಹೋಗಿರು" ಎಂದು ಹುಲ್ಲಿನ ಮೇಲೆ ಮೈ ಚಾಚಿ ಮುಖಕ್ಕೆ ಟವಲ್ ಹಾಕಿಕೊಂಡ. ನಾಯಿ ಅವನನ್ನು ಬಿಟ್ಟು ಬರುವುದಲ್ಲ. ರೊಟ್ಟಿಯ ಚೀಲ ನನ್ನ ಹೆಗಲಿನಲ್ಲಿದ್ದದ್ದಕ್ಕೆ ನನ್ನ ಹಿಂದೆ ಬಂತು. ನೆತ್ತಿ ದಾಟಿ ಆಚೆ ಬದಿಗೆ ಇಳಿದಾಗ ಅದು ಏನನ್ನೋ ಮೂಸುತ್ತ ಗದ್ದೆಯ ಬೇಲಿಯ ಕಡೆಗೆ ಓಡಿ ಪೊದೆಯ ಹಿಂದೆ ಮರೆಯಾಯಿತು. ಕೆಳಗೆ ಭತ್ತ ಕೊಯ್ಯದೆ ಹಾಗೇ ನಿಂತಿತ್ತು. ಚೆನ್ನಾಗಿ ಕಾಣುತ್ತದೆ ಎಂದುಕೊಂಡು ನಾನು ಒಂದು ಕಲ್ಲಿನ ಮೇಲೆ ಕೂತೆ.

ಕುಂಯ್ ಎಂದು ಒಮ್ಮೆ ಕೇಳಿಸಿತು. ಮುಂಗುಸಿಯನ್ನೋ ಏನನ್ನೋ ಅಟ್ಟಿಸಿ ಹೋಗಿ ಮುಳ್ಳು ಚುಚ್ಚಿಸಿಕೊಂಡಿದೆ ಎಂದುಕೊಂಡೆ. "ಬಾರೋ ಮಗಾ" ಎಂದು ಕೂಗಿದೆ. ಪೊದೆ ಅಲ್ಲಾಡಿತು, ನಾಯಿ ಬರಲಿಲ್ಲ. ಮತ್ತೆ ಕೂಗಿದೆ. ಪೊದೆ ಮತ್ತೆ ಅಲ್ಲಾಡಿತು. ನಾನು ಸುಮ್ಮನಾದರೆ ಪೊದೆಯೂ ಸುಮ್ಮನಾಗುತ್ತಿತ್ತು. ಆಟ ಆಡಿಸುತ್ತಿದೆ ಎಂದು ನನಗೆ ಸಿಟ್ಟು ಬಂತು. ಅಪ್ಪ ಕರೆದಿದ್ದರೆ ಒಂದೇ ಮಾತಿಗೆ ಬರುತ್ತಿತ್ತು, ನಾನು ಕರೆದರೆ ಇದಕ್ಕೆ ಅಸಡ್ಡೆ. ಬರ್ತೀಯೋ ಇಲ್ವೋ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಚಪ್ಪಾಳೆ ತಟ್ಟಿದೆ. ರೊಟ್ಟಿ ಹೊರಗೆ ತೆಗೆದು ತೋರಿಸಿ ಕೂಗಿದೆ. ಪ್ರತಿ ಸಲವೂ ಪೊದೆ ಅಲ್ಲಾಡಿತು, ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ. ಕೊನೆಯ ಸಲ ಅಲ್ಲಾಡಲಿಲ್ಲ. ಆಗ ಎದ್ದು ಇಳಿದೆ.

ಬೇಲಿಯಲ್ಲಿ ಹಂದಿ ನುಗ್ಗುವಷ್ಟು ಕಂಡಿಯಿತ್ತು. ಆ ಕಂಡಿಗೆ ಅಡ್ಡವಾಗಿ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿದ್ದರು. ನಾಯಿಯ ಕುತ್ತಿಗೆ ಅದರೊಳಗಿತ್ತು. ಮುಖ ನನ್ನ ಕಡೆಗಿತ್ತು, ಮುಂಗಾಲು ನನ್ನ ಕಡೆಗಿದ್ದವು. ಕಾಲಡಿಯ ಮಣ್ಣು ಕೆದರಿ ಎರಡು ಗುಂಡಿ ಬಿದ್ದಿತ್ತು. ನಾನು ವೈರು ಹಿಡಿದು ಎಳೆದೆ. ಅದು ಇನ್ನೂ ಒಳಗೆ ಇಳಿಯಿತು. ಆಮೇಲೆ ಹೇಗೆ ಗುಡ್ಡ ಹತ್ತಿದೆನೋ, ಅಪ್ಪನನ್ನು ಏನೆಂದು ಎಬ್ಬಿಸಿದೆನೋ ನೆನಪಿಲ್ಲ.

ಅಪ್ಪ ಆ ಇಳಿಜಾರಿನಲ್ಲಿ ಚಪ್ಪಲಿ ಬಿಟ್ಟು ಓಡಿದ. ಅವನು ಮಂಡಿಯೂರಿ ವೈರನ್ನು ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ಹಿಂದಕ್ಕೆ ತಳ್ಳಿದ. ಕುಣಿಕೆ ಸಡಿಲವಾಗಿ ಬಳೆಯಂತೆ ಕಳಚಿ ಬಂತು. ಒಂದು ನಿಮಿಷ ಕೂಡ ಹಿಡಿಯಲಿಲ್ಲ. ನಾಯಿಯ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತ. ಮೈ ಇನ್ನೂ ಬೆಚ್ಚಗಿತ್ತು. ಆಮೇಲೆ ವೈರನ್ನು ಎತ್ತಿ ಅದರ ಗಂಟನ್ನು ಕೆಲಸದವನ ಕಣ್ಣಿನಲ್ಲಿ ನೋಡಿದ.

"ಎಳೆದ್ರೆ ಮಾತ್ರ ಬಿಗಿಯೋ ಗಂಟು ಇದು. ಸುಮ್ನೆ ಕೂತಿದ್ರೆ ಏನೂ ಆಗ್ತಿರ್ಲಿಲ್ಲ. ಸೈಕಲ್ಲಿಗೆ ಚೈನ್ ಸುತ್ಕೊಂಡಾಗ, ಬೇಲಿಗೆ ಸಿಕ್ಕಾಕೊಂಡಾಗ, ನಾನು ಬರೋ ತಂಕ ಅಲ್ಲಾಡ್ದೆ ಕೂತ್ಕೊಳ್ಳೋದು ಕಲಿಸಿದ್ದೆ. ಹಂಗೇ ಕೂರ್ತಿತ್ತು. ಇವತ್ತು ಯಾಕೆ ಇಷ್ಟು ಎಳ್ಕೊಂತು?" ಎಂದ. ನನ್ನ ಕಡೆ ತಿರುಗಿದ. "ನೀನೇನಾದ್ರೂ ಕರೆದ್ಯಾ?"

"ಇಲ್ಲಪ್ಪ. ಸದ್ದೇ ಇಲ್ವಲ್ಲ ಅಂತ ಬಂದು ನೋಡ್ದೆ, ಹಿಂಗಾಗಿತ್ತು" ಎಂದೆ.

ಆ ಸುಳ್ಳು ಬಾಯಿಗೆ ಬಂದದ್ದು ಎಷ್ಟು ಸಲೀಸಾಗಿ ಎಂದರೆ ನನಗೇ ಹೆದರಿಕೆಯಾಯಿತು. ಅವನು ಹೂಂ ಎಂದ.

ಸಂಜೆ ಚಿಕ್ಕಮ್ಮನ ಮನೆಯವರು ಬಂದು ಗುಡ್ಡದ ಬುಡದಲ್ಲೇ ಗುಂಡಿ ತೋಡಿಕೊಟ್ಟರು. ಉರುಳು ಕಟ್ಟಿದವರು ಯಾರು ಎಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹಂದಿಗೆ ಉರುಳು ಇಡುವುದು ಅಪರಾಧ, ಇಡದಿದ್ದರೆ ಭತ್ತ ಉಳಿಯುವುದಿಲ್ಲ. ಸೊಪ್ಪಿನ ವಿಷಯ ಕೇಳಿದಾಗ ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕೂತರು. "ಉರುಳು ಇಟ್ಟಿದ್ದೀವಿ, ಈ ಕಡೆ ದನ, ನಾಯಿ ಬಿಡ್ಬೇಡಿ ಅಂತ ಕಟ್ಟೋ ಸೊಪ್ಪು ಅದು ಮಾರಾಯ್ತಿ. ಎಳೇ ಮಕ್ಳಿಗೂ ಗೊತ್ತು. ನಿಮ್ಗೆ ಗೊತ್ತಿಲ್ಲ ಅಂತ ನಮ್ಗೆ ಗೊತ್ತಾಗ್ಲೇ ಇಲ್ವಲ್ಲ" ಎಂದು ಅತ್ತರು. ಆರು ಗುಡ್ಡಗಳ ಜಾತಕ ಬರೆದವಳು ನಾನು. ಅಪಾಯ ಎಂದು ಬರೆದು ನಿಲ್ಲಿಸಿದ್ದ ಫಲಕಕ್ಕೆ ಕೈ ಮುಗಿದು, ಅಪ್ಪನ ಕೈಯಲ್ಲೂ ಮುಗಿಸಿ, ಒಳಗೆ ಕರೆದುಕೊಂಡು ಹೋಗಿದ್ದೆ. ಅಪ್ಪನಿಗೆ ಅದು ಗುರುತೆಂದು ಗೊತ್ತಾಗಿತ್ತು. ಅವನು ಆ ಮಾತನ್ನು ಆ ದಿನವಾಗಲಿ ಆಮೇಲಾಗಲಿ ಎತ್ತಿ ಆಡಲಿಲ್ಲ.

ಮರುದಿನವೇ ಹೊರಟೆವು. ಈ ಸಲ ಯಾವ ಕಂಡಕ್ಟರೂ ತಕರಾರು ಮಾಡಲಿಲ್ಲ. ಗೋಣಿಚೀಲವನ್ನು ಮಡಚಿ ಅಪ್ಪ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಮಾರ್ಚಿಗೆ ಶಿವಮೊಗ್ಗದಲ್ಲಿ ಬಾಡಿಗೆ ಮನೆಗೆ ಬಂದೆವು. ತುಂಗೆಯ ದಂಡೆ ಹತ್ತು ನಿಮಿಷದ ದಾರಿ. ಅಪ್ಪ ಒಂದು ದಿನವೂ ಆ ಕಡೆ ಹೋಗಲಿಲ್ಲ. ಕುರ್ಚಿ ಬದಲಾಗಲಿಲ್ಲ, ಊರು ಬದಲಾಯಿತು ಅಷ್ಟೇ. ನಾನು ಬೆಳಿಗ್ಗೆ ಕರೆದರೆ ಬೀದಿಯ ತಿರುವಿನವರೆಗೆ ಬರುತ್ತಿದ್ದ, ಅಲ್ಲಿ ನಿಂತು "ಸಾಕು ಕಣೆ" ಎನ್ನುತ್ತಿದ್ದ. ಆಮೇಲೆ ತಿರುವಿನವರೆಗೂ ಬರುವುದನ್ನು ಬಿಟ್ಟ. ಟೈಪಿಂಗ್‌ನವಳ ಮನೆಯ ನಾಯಿ ಮರಿ ಹಾಕಿದಾಗ ಅವಳೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ಕಂದು ಬಣ್ಣದ್ದನ್ನೇ ಆರಿಸಿ ತಂದಿದ್ದಳು. ಅಪ್ಪ ಅದನ್ನು ಮುಟ್ಟಲಿಲ್ಲ.

"ಬೇಡಮ್ಮ, ತಗೊಂಡೋಗು. ನಂಗೆ ನಾಯಿ ಸಾಕಕ್ಕೆ ಬರಲ್ಲ. ಒಂದು ಜೀವಕ್ಕೆ ಸಿಕ್ಕಾಕೊಂಡ್ರೆ ಸುಮ್ನೆ ಕೂತ್ಕೋ ಅಂತ ಅಷ್ಟು ದಿನ ಕಲಿಸ್ದೆ. ಕಲೀಲೇ ಇಲ್ಲ. ಇನ್ನೊಂದನ್ನ ಯಾಕೆ ಕೊಲ್ಲೋದು?" ಎಂದು ಅವಳಿಗೆ ಹೇಳಿ ನನ್ನ ಮುಖ ನೋಡಿದ. ಅದು ಕಲಿತಿತ್ತು, ಕೆಡಿಸಿದವಳು ನಾನು ಎಂದು ಹೇಳಿದ್ದರೆ ಆ ಮರಿ ನಮ್ಮ ಮನೆಯಲ್ಲಿ ಉಳಿಯುತ್ತಿತ್ತು, ಬೆಳೆದು ಪಂಚೆ ಎಳೆಯುತ್ತಿತ್ತು. ಒಂದು ಮಾತು ಸಾಕಿತ್ತು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಮರಿ ಬಂದ ಬುಟ್ಟಿಯಲ್ಲೇ ವಾಪಸ್ಸು ಹೋಯಿತು.

ಡಾಕ್ಟರು ಹೇಳಿದಂತೆಯೇ ಆಯಿತು. ಮೂರು ವರ್ಷಕ್ಕೆ ಮೊದಲ ಬೆರಳು ಹೋಯಿತು. ಅದರ ಮರುವರ್ಷ ಇನ್ನೆರಡು. ಆರನೆಯ ವರ್ಷ ಮಂಡಿಯ ಕೆಳಗಿನ ಕಾಲನ್ನೇ ತೆಗೆದರು. ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ. ನಾನು ರಜೆ ಹಾಕಿ ಅವನ ಬ್ಯಾಂಡೇಜು ಬದಲಿಸುತ್ತ, ಮೈ ಒರೆಸುತ್ತ ಮನೆಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಉಳಿದ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಇನ್ನು ತಡೆಯಲಾಗದೆ ಹೇಳಿಬಿಟ್ಟೆ. ಅವನು ಬೈಯಲಿ, ಹೊಡೆಯಲಿ, ಎಣ್ಣೆಯ ಬಟ್ಟಲನ್ನು ಮುಖಕ್ಕೆ ಎಸೆಯಲಿ ಎಂದು ಗಟ್ಟಿಮನಸ್ಸು ಮಾಡಿಕೊಂಡಿದ್ದೆ.

"ಅಪ್ಪಾ, ಆವತ್ತು ಗುಡ್ಡದ ಮೇಲೆ ನಾನು ಅದನ್ನ ಕರೆದೆ. ಸುಮಾರು ಸಲ ಕರೆದೆ. ನನ್ ಹತ್ರ ಬರೋದಕ್ಕೇ ಅದು ಎಳ್ಕೊಂಡಿದ್ದು. ನೀನು ಕಲಿಸಿದ್ದು ತಪ್ಪಲ್ಲ."

ಅಪ್ಪ ಸೂರು ನೋಡುತ್ತಿದ್ದ. ಸೂರಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು. ನಂಗೆ ಕೇಳಿಸ್ತಿತ್ತು" ಎಂದ.

"ಕೇಳಿಸ್ತಿತ್ತಾ? ಮತ್ತೆ ಯಾಕಪ್ಪ ನನ್ನ ಕೇಳ್ದೆ, ಕರೆದ್ಯಾ ಅಂತ?"

"ನೀನು ಹೂಂ ಅಂದಿದ್ರೆ ನಾನೂ ಹೇಳ್ತಿದ್ದೆ."

"ಏನು?"

"ನೀನು ಒಂಬತ್ತು ಸಲ ಕರೆದೆ. ಹಂಗೆಲ್ಲ ಕರೆಸ್ಕೊಳ್ಳೋ ನಾಯಿ ಅಲ್ಲ ಅದು, ಏನೋ ಆಗಿದೆ ಅಂತ ಎರಡನೇ ಸಲಕ್ಕೇ ಅನ್ನಿಸ್ತು. ಕಾಲು ನೋಯ್ತಿತ್ತು, ಬಿಸಿಲು ಹಿತವಾಗಿತ್ತು. ಇನ್ನೊಂದ್ಸಲ ಕರೆದ್ರೆ ಏಳಣ ಅಂತ, ಎಣಿಸ್ತಾ ಮಲ್ಗಿದ್ದೆ."